ಎರಡನೇ ಶನಿವಾರ ಸಾಯುತ್ತಿದ್ದವರು

ನಮ್ಮ ಸಿಸ್ಟಮ್ ಸರ್ ತೀರಿಕೊಂಡರು ಎಂದು ನಾನು ಫೋನಿನಲ್ಲಿ ಹೇಳಿದಾಗ ಹೊಸದುರ್ಗದ ಸಿಸ್ಟರ್ ಅಳಲಿಲ್ಲ, ರೇಗಿದರು.

"ಲೇ, ಇವತ್ತು ಬುಧವಾರ ಕಣೋ. ಈ ತಿಂಗಳ್ದು ಮೊನ್ನೆ ಶನಿವಾರಾನೇ ಸತ್ತು ಮುಗಿಸಿದ್ರಲ್ಲ? ಮತ್ತೆ ಯಾಕೆ ಸಾಯ್ತಾರೆ? ನಮಗೇನು ಬೇರೆ ಕೆಲ್ಸ ಇಲ್ವಾ?"

ಅವರದೇನೂ ತಪ್ಪಿಲ್ಲ. ಆ ಮನುಷ್ಯ ಪ್ರತಿ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಸಾಯುತ್ತಿದ್ದರು, ಹತ್ತಕ್ಕೆ ಸರಿಯಾಗಿ ಎದ್ದು ಬರುತ್ತಿದ್ದರು. ಅದೂ ಅಲ್ಲದೆ ಸುದ್ದಿ ಹೇಳುತ್ತಿದ್ದವನು ನಾನು. ಕಂಡವರ ದನಿಯನ್ನೆಲ್ಲ ಅಣಕಿಸಿ ಹೊಟ್ಟೆ ಹೊರೆಯುವವನೆಂದು ನಾಲ್ಕೂ ಊರಿನಲ್ಲಿ ಹೆಸರಾದವನು. ಹೊಳಲ್ಕೆರೆ ಕೇಂದ್ರದ ಟೆಕ್ನಿಷಿಯನ್ ಅಂತೂ, "ಸತ್ರಾ? ಎಲ್ಲಿ, ಅವರ ದನೀಲೇ ಹೇಳು ನೋಡಾಣ" ಎಂದ. ನಾನು ಬಾಯಿ ತೆರೆದೆ. ಆ ದನಿ ಬರಲಿಲ್ಲ. ನನ್ನದೂ ಬರಲಿಲ್ಲ. ಆಗ ನಂಬಿದ.

ನಮ್ಮದು ಒಂದು ಟ್ರಸ್ಟಿನ ಡಯಾಲಿಸಿಸ್ ಕೇಂದ್ರ. ದುರ್ಗದಲ್ಲಿ ದೊಡ್ಡದು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಸಣ್ಣವು. ಕಿಡ್ನಿ ಕೈಕೊಟ್ಟವರು ವಾರಕ್ಕೆ ಎರಡು ಮೂರು ಸಲ ಬಸ್ಸಿನಲ್ಲಿ ಬಂದು, ನಾಲ್ಕು ಗಂಟೆ ಕುರ್ಚಿಯಲ್ಲಿ ಒರಗಿ, ಮೆಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಹೋಗುತ್ತಾರೆ. ಯಾರಿಗೆ ಯಾವ ಮೆಷಿನ್ನು, ಯಾವ ಔಷಧ, ಎಲ್ಲಕ್ಕಿಂತ ಮುಖ್ಯವಾಗಿ ಯಾರ ಒಣ ತೂಕ ಎಷ್ಟು ಎಂಬುದೆಲ್ಲ ಕಂಪ್ಯೂಟರಿನಲ್ಲಿರುತ್ತದೆ. ಒಣ ತೂಕ ಅಂದರೆ ಮೈಯಲ್ಲಿ ನಿಂತ ನೀರನ್ನೆಲ್ಲ ತೆಗೆದ ಮೇಲೆ ಉಳಿಯಬೇಕಾದ ತೂಕ. ಬಂದಾಗಿನ ತೂಕದಲ್ಲಿ ಅದನ್ನು ಕಳೆದರೆ ಇವತ್ತು ಎಷ್ಟು ನೀರು ತೆಗೆಯಬೇಕೆಂದು ಗೊತ್ತಾಗುತ್ತದೆ. ಹೆಚ್ಚು ತೆಗೆದರೆ ಬಿ.ಪಿ. ಕುಸಿದು ಮನುಷ್ಯ ಕುರ್ಚಿಯಲ್ಲೇ ಕಣ್ಣು ಮೇಲೆ ಮಾಡುತ್ತಾನೆ, ಕಡಿಮೆ ತೆಗೆದರೆ ಉಸಿರು ಸಿಗದೆ ಒದ್ದಾಡುತ್ತಾನೆ. ನಾಲ್ಕೂ ಊರಿನ ಅಷ್ಟೂ ಜನರ ಆ ಅಂಕಿ ದುರ್ಗದ ಹಿಂದಿನ ರೂಮಿನ ಒಂದು ಸರ್ವರಿನಲ್ಲಿತ್ತು. ಅದರ ಪಕ್ಕದ ರೂಮಿನಲ್ಲೇ ನೀರು ಶುದ್ಧ ಮಾಡುವ ಪ್ಲಾಂಟು. ಈ ಎರಡನ್ನೂ ಅಕ್ಕಪಕ್ಕ ಇಟ್ಟ ಪುಣ್ಯಾತ್ಮ ಯಾರೆಂದು ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.

ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಸರ್ ಕೈಕೆಳಗೆ ನಾನು ಸೇರುವ ಮೊದಲೇ ಒಂದು ಬೇಸಿಗೆಯಲ್ಲಿ ಪೈಪು ಒಡೆದು ಸರ್ವರ್ ಸ್ನಾನ ಮಾಡಿತ್ತು. ಆಮೇಲೆ ಸರ್ ಹಟ ಹಿಡಿದು, ಮ್ಯಾನೇಜರರ ತಲೆ ತಿಂದು, ಯಾವುದೋ ದೂರದ ಊರಿನ ಕ್ಲೌಡಿನಲ್ಲಿ ಅದಕ್ಕೊಂದು ಜೋಡಿ ಮಾಡಿಸಿದರು. ಇಲ್ಲಿ ಒಂದಕ್ಷರ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಅಲ್ಲೂ ಬೀಳುತ್ತದೆ. ಇಲ್ಲಿನದು ಮುಳುಗಿತೋ, ಅಲ್ಲಿನದನ್ನು ಎಬ್ಬಿಸಿ ನಾಲ್ಕೂ ಊರನ್ನು ಅದಕ್ಕೆ ಹಚ್ಚಿದರಾಯಿತು. ಇದನ್ನು ಅವರು ಸಿಕ್ಕಸಿಕ್ಕವರಿಗೆಲ್ಲ ವಿವರಿಸುತ್ತಿದ್ದರು. ಕುರ್ಚಿಗೆ ಅಂಟಿಕೊಂಡು ಎದ್ದು ಓಡಲಾಗದ ಪೇಷಂಟುಗಳೆಂದರೆ ಅವರಿಗೆ ಬಲು ಪ್ರೀತಿ. ಒಮ್ಮೆ ಹೊಸದುರ್ಗದಲ್ಲಿ ಬಾಗೂರಿನ ಅಜ್ಜನೊಬ್ಬ ಸಿಕ್ಕಿಬಿದ್ದ. ಬದುಕೆಲ್ಲ ಕುರಿಯ ಹಿಂದೆ ನಡೆದವನು, ಹೆಗಲ ಕಂಬಳಿಯನ್ನು ಮೆಷಿನ್ನಿನ ಮುಂದೆ ಕೂತಾಗಲೂ ಬಿಡದವನು.

"ಅಂದ್ರೆ ನನ್ನ ತೂಕ ಇಲ್ಲೂ ಐತೆ, ಅಲ್ಲೂ ಐತೆ?" ಎಂದ ಅಜ್ಜ.

"ಹೂಂ ಅಜ್ಜ. ಥೇಟ್ ನಿನ್ನಂಗೇ ಇನ್ನೊಬ್ಬ ಅಲ್ಲಿ ಇದ್ದಂಗೆ."

"ಅವನಿಗೂ ಸೂಜಿ ಚುಚ್ತಾರಾ?"

"ಇಲ್ಲ, ಅವನು ಸುಮ್ನೆ ಮಲಗಿರ್ತಾನೆ."

"ಹಂಗಾದ್ರೆ ನನ್ನ ಅಲ್ಲಿಗೆ ಕಳ್ಸಪ್ಪ. ಅವನು ಇಲ್ಲಿ ಬಂದು ಕುಂತ್ಕಳ್ಲಿ."

ವಾರ್ಡಿಗೆ ವಾರ್ಡೇ ನಕ್ಕಿತು. ಸರ್ ನಗಲಿಲ್ಲ. ಎರಡು ಸಲ ಕೆಮ್ಮಿ, "ಪ್ರಶ್ನೆ ಚೆನ್ನಾಗೈತೆ" ಎಂದು ಮೊದಲಿನಿಂದ ಮತ್ತೆ ವಿವರಿಸತೊಡಗಿದರು.

ಆ ಕೆಮ್ಮು ಎರಡೇ ಸಲ. ಒಂದು ಸಲ ಕೆಮ್ಮಿದ್ದನ್ನು ನಾನು ಕಂಡಿಲ್ಲ. ಅವರದೆಲ್ಲ ಎರಡೇ. ಜೇಬಿನಲ್ಲಿ ಎರಡು ಪೆನ್ನು, ಬ್ಯಾಗಿನಲ್ಲಿ ಎರಡು ಕನ್ನಡಕ, ಎರಡು ಕೊಡೆ. ದುರ್ಗದ ಮಳೆಗೆ ಒಂದು ಕೊಡೆಯೇ ವರ್ಷದಲ್ಲಿ ಹತ್ತು ಸಲ ಬಿಚ್ಚಿದರೆ ಹೆಚ್ಚು! ಹೊಳಲ್ಕೆರೆಯಿಂದ ದಿನಾ ಬರುತ್ತಿದ್ದರು, ಯಾವಾಗಲೂ ತಮಗೆ ಬೇಕಾದ ಬಸ್ಸಿಗಿಂತ ಒಂದು ಮುಂಚಿನದನ್ನು ಹತ್ತುತ್ತಿದ್ದರು. ಕೇಳಿದರೆ, "ಹಿಂದೆ ಇನ್ನೊಂದು ಬಸ್ ಬರ್ತೈತೆ ಅಂತ ಗೊತ್ತಿದ್ರೆ ಮುಂದಿಂದ್ರಾಗೆ ನಿದ್ದೆ ಬರ್ತೈತಪ್ಪ" ಎನ್ನುವರು. ಎದುರಿನ ಟೀ ಅಂಗಡಿಯಲ್ಲಿ ಒಬ್ಬರೇ ಕೂತು ಬೈಟು ಹೇಳುವರು. ಬೈಟು ಅಂದರೆ ಇಬ್ಬರು ಹಂಚಿಕೊಂಡು ಕುಡಿಯುವ ಒಂದು ಟೀ ಎಂಬುದು ಇಡೀ ಕರ್ನಾಟಕಕ್ಕೆ ಗೊತ್ತು. ಇವರು ಎರಡು ಅರ್ಧ ಲೋಟವನ್ನೂ ತಮ್ಮ ಮುಂದೆಯೇ ಇಡಿಸಿಕೊಂಡು ಒಂದಾದ ಮೇಲೊಂದು ಕುಡಿಯುವರು. ಒಂದರಲ್ಲಿ ನೊಣ ಬಿದ್ದರೆ ಇನ್ನೊಂದು ಇರಬೇಕಂತೆ.

ಒಂದು ಸಲ ನಾವೆಲ್ಲ ಹಾಲುರಾಮೇಶ್ವರಕ್ಕೆ ಹೋಗಿದ್ದೆವು. ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಇವರು ಒಂದು ಚಪ್ಪಲಿಯನ್ನು ಇಲ್ಲಿ ಬಿಟ್ಟು, ಕುಂಟುತ್ತ ಹೋಗಿ ಇನ್ನೊಂದನ್ನು ಅಷ್ಟು ದೂರದ ಮರದ ಬುಡದಲ್ಲಿ ಬಿಟ್ಟರು. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಕದಿಯುವುದಿಲ್ಲವಂತೆ. ಸರಿ, ಕದಿಯಲಿಲ್ಲ. ದರ್ಶನ ಮುಗಿದ ಮೇಲೆ ಯಾವ ಮರ ಎಂಬುದು ಇವರಿಗೇ ಮರೆತುಹೋಗಿ, ಅರ್ಧ ಗಂಟೆ ನಾವೆಲ್ಲ ಬಿಸಿಲಿನಲ್ಲಿ ಮರಮರಗಳ ಬುಡ ಹುಡುಕಿದೆವು. ಬಸ್ಸು ತಪ್ಪಿತು. "ಹಿಂದೆ ಇನ್ನೊಂದು ಐತೆ" ಎಂದರು. ಇರಲಿಲ್ಲ.

ಇಂಥವರನ್ನು ಅಣಕಿಸದೆ ಇರುವುದಾದರೂ ಹೇಗೆ? ಎರಡು ಸಲ ಕೆಮ್ಮಿ, ಕನ್ನಡಕ ಹಣೆಗೇರಿಸಿ, ಕತ್ತು ಸ್ವಲ್ಪ ಎಡಕ್ಕೆ ವಾಲಿಸಿ "ಇನ್ನೊಂದು ಐತಾ?" ಎಂದರೆ ಸಾಕು, ಊಟದ ಹೊತ್ತಿನಲ್ಲಿ ನನಗೆ ಎರಡು ಹೋಳಿಗೆ ಹೆಚ್ಚು ಬೀಳುತ್ತಿತ್ತು. ಅವರಿಗೂ ಗೊತ್ತಿತ್ತು. ನನಗೆ ನಕಲಿ ಎಂದೇ ಹೆಸರಿಟ್ಟಿದ್ದರು. ಒಂದು ದಿನ ಹಿಂದೆಯೇ ನಿಂತು ಪೂರ್ತಿ ಕೇಳಿ, "ಕೆಮ್ಮಿನ ಮಧ್ಯೆ ಜಾಸ್ತಿ ಗ್ಯಾಪ್ ಕೊಡ್ತೀಯ, ಅಷ್ಟಿಲ್ಲ" ಎಂದು ತಿದ್ದಿ ಹೋದರು. ಅಣಕಿಸಿಕೊಳ್ಳುವವನೇ ಬಂದು ತಿದ್ದಿದರೆ ಕಲಾವಿದನ ಗತಿ ಏನಾಗಬೇಕು?

ಇನ್ನು ಆ ಸಾಯುವ ವಿಚಾರ. ಕ್ಲೌಡಿನ ಜೋಡಿಯನ್ನು ಮಾಡಿಟ್ಟರೆ ಸಾಲದು, ತಿಂಗಳಿಗೊಮ್ಮೆ ಅದನ್ನು ಎಬ್ಬಿಸಿ ನೋಡಬೇಕು ಎಂಬುದು ಅವರ ಶಾಸನ. ಎಬ್ಬಿಸಿ ನೋಡಲಿ, ಬೇಡ ಎಂದವರಾರು? ಆದರೆ ಅವರು ಎಬ್ಬಿಸುತ್ತಿರಲಿಲ್ಲ. ಎರಡನೇ ಶನಿವಾರ ಒಂಬತ್ತು ಗಂಟೆಗೆ ಹಿಂದಿನ ರೂಮಿಗೆ ಹೋಗಿ ಸರ್ವರಿನ ನೆಟ್‌ವರ್ಕ್ ವೈರು ಕಿತ್ತು, ಕೊರಳಿನ ಐಡಿ ಕಾರ್ಡು ತೆಗೆದು ರಿಸೆಪ್ಷನ್ ಮೇಜಿನ ಮೇಲಿಟ್ಟು, ಎರಡು ಸಲ ಕೆಮ್ಮಿ ಘೋಷಿಸುತ್ತಿದ್ದರು: "ಸರ್ವರ್ರೂ ಹೋತು, ನಾನೂ ಸತ್ತೆ. ಮುಂದಿಂದು ನೀವು ನೋಡ್ಕಳ್ರಿ."

ಹಾಗೆ ಹೇಳಿ ರಸ್ತೆ ದಾಟಿ ಟೀ ಅಂಗಡಿಯ ಬೆಂಚಿನಲ್ಲಿ, ಸಿರಿಗೆರೆ ಬಸ್ಸಿಗೆ ಕಾಯುವ ಕಾಲೇಜು ಹುಡುಗರ ನಡುವೆ ಕೂತುಬಿಡುವರು. ನಮ್ಮ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿದ್ದರು. ನಾವು ಫೋನ್ ಮಾಡಿದರೆ ಅದು ಅವರ ಜೇಬಿನಲ್ಲಿ ಹೊಡೆದುಕೊಳ್ಳುವುದೂ ಕಾಣುತ್ತಿತ್ತು. ಎತ್ತುತ್ತಿರಲಿಲ್ಲ. ನಮ್ಮ ರಿಸೆಪ್ಷನ್ ಮೇಡಂ ಹಲ್ಲು ಕಡಿದು, "ಸತ್ತೋರು ಮೆಣಸಿನಕಾಯಿ ಬಜ್ಜಿ ತಿಂತಾ ಕುಂತಾರೆ ನೋಡ್ರಿ" ಎನ್ನುತ್ತಿದ್ದರು.

ನಮ್ಮ ಪಾಲಿಗೆ ಉಳಿಯುತ್ತಿದ್ದುದು ಕೆಂಪು ರಟ್ಟಿನ ಒಂದು ನೋಟ್‌ಬುಕ್ಕು. ಏನೇನು ಮಾಡಬೇಕೆಂದು ಒಂದು, ಎರಡು ಎಂದು ನಂಬರ್ ಹಾಕಿ ಅವರೇ ಕನ್ನಡದಲ್ಲಿ ಬರೆದಿದ್ದು. ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗೆ. ಅದನ್ನು ಓದಿಕೊಂಡು ಕ್ಲೌಡಿನ ಸರ್ವರನ್ನು ಎಬ್ಬಿಸಿ, ನಾಲ್ಕೂ ಕಡೆಯವರಿಗೆ ಫೋನ್ ಮಾಡಿ ಅದಕ್ಕೆ ಹಚ್ಚಬೇಕು. ಕಂಪ್ಯೂಟರ್ ಗೊತ್ತಿರುವ ನಾನೊಬ್ಬನೇ ಮಾಡುವ ಹಾಗಿಲ್ಲ. ಒಂದು ತಿಂಗಳು ಮೇಡಂ, ಒಂದು ತಿಂಗಳು ನಾನು, ಇನ್ನೊಂದು ತಿಂಗಳು ಹಿರಿಯೂರಿನವರು. "ನನ್ನ ಫೋನ್ ಹೊಡ್ಕಳ್ದೆ ಇದ್ರೆ ನೀವು ಪಾಸು" ಎನ್ನುತ್ತಿದ್ದರು. ನಾವು ಯಾವತ್ತೂ ಪಾಸಾಗಿರಲಿಲ್ಲ.

ಇಷ್ಟು ಹೇಳಿ ನನ್ನ ಘನಕಾರ್ಯ ಹೇಳದಿದ್ದರೆ ತಪ್ಪಾಗುತ್ತದೆ.

ಅದೊಂದು ಎರಡನೇ ಶನಿವಾರ, ನನ್ನ ಸರದಿ. ಹೊಸದುರ್ಗದ ಆರು ಜನರ ಒಣ ತೂಕ ಬದಲಾಗಿದೆ ಎಂದು ಡಾಕ್ಟರು ಪಟ್ಟಿ ಕಳಿಸಿದ್ದರು. ಒಬ್ಬೊಬ್ಬರದೇ ತೆಗೆದು ತಿದ್ದಬೇಕು. ಆರು ಸಲ ತಿದ್ದುವುದು ದಡ್ಡರ ಕೆಲಸವೆಂದು, ಹೊಸದುರ್ಗದ ಪೂರ್ತಿ ಪಟ್ಟಿಯನ್ನೇ ಹೊರಗೆಳೆದು, ಆರು ಅಂಕಿ ಬದಲಾಯಿಸಿ, ಒಂದೇ ಏಟಿಗೆ ವಾಪಸ್ ತುಂಬಿಸಿದೆ. ನಾನು ತುಂಬಿಸುವಾಗ ಹೆಸರುಗಳು ಅಕ್ಷರದ ಕ್ರಮದಲ್ಲಿದ್ದವು, ತೂಕಗಳು ನೋಂದಣಿ ನಂಬರಿನ ಕ್ರಮದಲ್ಲಿದ್ದವು. ಅವನ ತೂಕ ಇವಳಿಗೆ, ಇವಳ ತೂಕ ಇನ್ನೊಬ್ಬನಿಗೆ. ನಾನು ನೋಡಲಿಲ್ಲ. ಹೊರಗೆಳೆದ ಹಾಳೆಯನ್ನು ಉಳಿಸದೆ ಮುಚ್ಚಿ, ಸಿಳ್ಳೆ ಹಾಕುತ್ತ ಎದ್ದೆ.

ಒಂಬತ್ತಕ್ಕೆ ಸರ್ ಸತ್ತರು. ನಾನು ನೋಟ್‌ಬುಕ್ ತೆರೆದು ಪಟಪಟನೆ ಕ್ಲೌಡಿನ ಸರ್ವರನ್ನು ಎಬ್ಬಿಸಿದೆ. ನಾಲ್ಕೂ ಊರು ಹತ್ತಿಕೊಂಡವು. ಇಷ್ಟು ಬೇಗ ಯಾವತ್ತೂ ಆಗಿರಲಿಲ್ಲ. ಕಿಟಕಿಯ ಹತ್ತಿರ ನಿಂತು, ಕನ್ನಡಕ ಇಲ್ಲದ ಹಣೆಗೆ ಕನ್ನಡಕ ಏರಿಸಿ, "ಇವತ್ತು ನನ್ನ ಫೋನು ಹೊಡ್ಕಳಲ್ಲಪ್ಪ" ಎಂದು ಅವರ ದನಿಯಲ್ಲೇ ಮೇಡಂಗೆ ಹೇಳುತ್ತಿದ್ದೆ. ಹೊಡೆದುಕೊಂಡಿದ್ದು ನನ್ನ ಫೋನು. ಹೊಸದುರ್ಗದ ಸಿಸ್ಟರ್.

"ಲೇ ನಕಲಿ, ಬಾಗೂರಜ್ಜನ ಒಣ ತೂಕ ಎಪ್ಪತ್ತೊಂದು ಅಂತ ಬರ್ತೈತೆ. ಅಜ್ಜನ್ನ ಚಪ್ಲಿ, ರುಮಾಲು, ಕಂಬಳಿ ಎಲ್ಲ ಸೇರ್ಸಿ ತೂಗಿದ್ರೂ ಐವತ್ತಾರು ದಾಟಲ್ಲ."

ನಾನು ಎರಡು ಸಲ ಕೆಮ್ಮಿ, "ಇನ್ನೊಂದು ಐತಾ ನೋಡಮ್ಮ" ಎಂದೆ.

"ಆಟ ಸಾಕು. ಅಜ್ಜ ಗುರುವಾರ ತಪ್ಪಿಸ್ಕಂಡು ನೆಂಟರ ಮನೇಲಿ ಉಂಡು, ಚೆಂಬುಗಟ್ಲೆ ನೀರು ಕುಡ್ದು ಬಂದಾನೆ. ಉಸಿರು ಕಟ್ತಾ ಐತೆ. ಬೇಗ ಮೆಷಿನ್ನಿಗೆ ಹಾಕ್ಬೇಕು. ಎಷ್ಟು ತೆಗೀಲಿ ಹೇಳು."

"ಅಜ್ಜನ್ನೇ ಕೇಳ್ರಿ ಸಿಸ್ಟರ್, ಅವನಿಗೆ ಗೊತ್ತಿರ್ತೈತೆ."

ಹಿಂದಿನಿಂದ ಅಜ್ಜನ ದನಿ ಏದುಸಿರಿನಲ್ಲಿ ಕೇಳಿತು. "ನಾನೇನು ಸಂತೆ ಟಗರಾ, ನನ್ನ ತೂಕ ನಾನೇ ನೆಪ್ಪಿಟ್ಕಳಾಕೆ?"

ಪಟ್ಟಿ ತೆರೆದೆ. ಹೊಸದುರ್ಗದ ಒಬ್ಬರದೂ ಸರಿ ಇರಲಿಲ್ಲ. ಆದರೂ ಧೈರ್ಯ ಹೇಳಿಕೊಂಡೆ. ಕ್ಲೌಡಿನದು ಕೆಟ್ಟಿದ್ದರೇನಂತೆ, ಹಿಂದಿನ ರೂಮಿನಲ್ಲಿ ಅಸಲು ಸರ್ವರ್ ಇದೆಯಲ್ಲ. ಓಡಿಹೋಗಿ ಅದರದೇ ಪರದೆಯಲ್ಲಿ ನೋಡಿದೆ. ಬಾಗೂರಜ್ಜ, ಎಪ್ಪತ್ತೊಂದು. ಎಂಥ ಜೋಡಿ! ಎಂಥ ನಿಷ್ಠೆ! ನಾನು ಇಲ್ಲಿ ಮಾಡಿದ ಅಧ್ವಾನವನ್ನು ಒಂದು ಗ್ರಾಮೂ ಬಿಡದೆ ಅಲ್ಲಿ ಬರೆದುಕೊಂಡಿತ್ತು. ಹಳೆಯ ಕಾಗದದ ಫೈಲುಗಳನ್ನು ಹೊಸದುರ್ಗದಿಂದ ತಂದು ದುರ್ಗದ ಗೋದಾಮಿಗೆ ಹಾಕಿ ವರ್ಷವಾಗಿತ್ತು. ಡಾಕ್ಟರರ ಫೋನು ಹತ್ತಲಿಲ್ಲ.

ಆಫೀಸ್ ಫೋನಿನಿಂದ ಸರ್‌ಗೆ ಮಾಡಿದೆ. ರಸ್ತೆಯಾಚೆ ಅವರ ಜೇಬು ಬೆಳಗಿತು. ಅವರು ಎರಡನೇ ಅರ್ಧ ಲೋಟವನ್ನು ತುಟಿಗೆ ಹಚ್ಚಿದರು.

ನಾನು ರಸ್ತೆ ದಾಟಿದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ, ಒಂದು ಆಟೋ, ಒಂದು ಈರುಳ್ಳಿ ಲಾರಿ ನನಗಾಗಿ ಬ್ರೇಕ್ ಹಾಕಿದವಂತೆ. ನನಗೆ ಗೊತ್ತಾಗಲಿಲ್ಲ.

"ಸರ್, ಹೊಸದುರ್ಗದ ತೂಕ ಎಲ್ಲ ಕಲಸಿಹೋಗೈತೆ. ಎರಡೂ ಕಡೆ. ಬಾಗೂರಜ್ಜ ಕುಂತಾನೆ, ಉಸಿರು ಕಟ್ತಾ ಐತಂತೆ. ಇದು ಆಟ ಅಲ್ಲ ಸರ್, ನಿಜ."

ಅವರು ಲೋಟ ಇಳಿಸಿದರು. ನನ್ನ ಮುಖ ನೋಡಿದರು. ಕೆಮ್ಮಲಿಲ್ಲ.

"ಅಜ್ಜನಿಗೆ ಸೂಜಿ ಹಾಕಿದಾರಾ?"

"ಇಲ್ಲ."

"ಹಂಗಾದ್ರೆ ನಾನು ಸತ್ತಿದೀನಿ" ಎಂದು ಲೋಟ ಎತ್ತಿಕೊಂಡರು.

ಬೆಂಚಿನಲ್ಲಿದ್ದ ಕಾಲೇಜು ಹುಡುಗರು ನಮ್ಮಿಬ್ಬರಲ್ಲಿ ಯಾರಿಗೆ ಹುಚ್ಚು ಎಂದು ತೀರ್ಮಾನಿಸಲಾಗದೆ ಸರಿದು ಕೂತರು. ವಾಪಸ್ ಓಡಿದೆ. ದಾರಿಯಲ್ಲಿ ಅವರಿಗೆ ಬೈದದ್ದನ್ನು ಇಲ್ಲಿ ಬರೆಯಲಾಗದು.

ಮೇಡಂ ಅಷ್ಟರಲ್ಲಿ ಕೆಂಪು ನೋಟ್‌ಬುಕ್ಕಿನ ಕೊನೆಯ ಹಾಳೆಗಳನ್ನು ತಿರುವುತ್ತಿದ್ದರು. ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಒಂದು ಹಾಳೆಯ ತಲೆಯ ಮೇಲೆ "ಜೋಡಿಯೂ ಕೆಟ್ಟಿದ್ದರೆ" ಎಂದಿತ್ತು. ಕೆಳಗೆ ಕೋಳಿ ಕೆದಕಿದ ನಾಲ್ಕು ಸಾಲು. ಜೋಡಿ ಇಲ್ಲಿನ ಸರಿಯನ್ನೂ ಬರೆದುಕೊಳ್ಳುತ್ತದೆ, ತಪ್ಪನ್ನೂ ಬರೆದುಕೊಳ್ಳುತ್ತದೆ. ಆದ್ದರಿಂದ ಹೊಸದನ್ನು ನಂಬಬೇಡಿ. ಹತ್ತು ಹತ್ತು ನಿಮಿಷಕ್ಕೆ ಅಲ್ಲಿ ಒಂದೊಂದು ಗುರುತು ಇಟ್ಟಿದೆ, ತಪ್ಪಾಗುವ ಮುಂಚಿನ ಗುರುತನ್ನು ಆರಿಸಿ ಅಲ್ಲಿಂದ ಎಬ್ಬಿಸಿ. ಅದಾದ ಮೇಲೆ ಬರೆದದ್ದೆಲ್ಲ ಹೋಗುತ್ತದೆ, ನಾಲ್ಕೂ ಕಡೆ ಹೇಳಿ ಮತ್ತೆ ಬರೆಸಿ.

ಪರದೆಯ ಮೇಲೆ ಸಮಯಗಳ ಉದ್ದ ಪಟ್ಟಿ ಬಂತು.

"ಎಷ್ಟೊತ್ತಿಗೆ ಕೆಟ್ಟಿದ್ದು?" ಎಂದರು ಮೇಡಂ.

"ಗೊತ್ತಿಲ್ಲ."

"ಯಾರು ಕೆಡ್ಸಿದ್ದು ಅಂತಾದ್ರೂ ಗೊತ್ತಾ?"

ಮೇಜಿನ ಮೇಲೆ ನನ್ನ ಫೋನಿನಲ್ಲಿ ಸಿಸ್ಟರ್ ಕರೆ ತೆರೆದೇ ಇತ್ತು. ಅಜ್ಜನ ಉಸಿರು ಇಲ್ಲಿಗೆ ಕೇಳುತ್ತಿತ್ತು. ಊರಿನವರ ಬಾಯಿಗೆಲ್ಲ ಬಾಯಾದ ನನಗೆ ಮೂರು ಪದ ಹೇಳಲು ಆ ಹೊತ್ತಿಗೆ ಯಾರ ದನಿಯೂ ಸಿಗಲಿಲ್ಲ.

"ನಾನೇ. ಎಂಟು ನಲವತ್ತೆರಡಕ್ಕೆ."

ಬೈಯುತ್ತಾರೆ ಎಂದುಕೊಂಡೆ. ಮೇಡಂ, "ಎಂಟು ನಲವತ್ತಕ್ಕೆ ಒತ್ತು" ಎಂದಷ್ಟೇ ಹೇಳಿದರು.

ಒತ್ತಿದೆ. ಅದು ಎದ್ದು ಬರುವಷ್ಟರಲ್ಲಿ ಉಳಿದ ಊರುಗಳಿಗೆ ಫೋನ್ ಮಾಡಿದೆ. ಹಿರಿಯೂರಿನಲ್ಲಿ ಆಗಲೇ ಮೂವರ ಬಿ.ಪಿ., ತೂಕ ಎಲ್ಲ ಬರೆದಾಗಿತ್ತು. "ಅದೆಲ್ಲ ಹೋಗ್ತೈತೆ, ದಯವಿಟ್ಟು ಇನ್ನೊಂದು ಸಲ ಬರೀರಿ, ತಪ್ಪು ನನ್ನದು" ಎಂದೆ. ಆ ಕಡೆಯವನು ಅನುಮಾನದಿಂದ, "ಯಾರ್ರೀ ಮಾತಾಡ್ತಿರೋದು?" ಎಂದ. ನನ್ನ ಸ್ವಂತ ದನಿಯನ್ನು ಅವನು ಕೇಳಿಯೇ ಇರಲಿಲ್ಲ.

ಹೊಸದುರ್ಗದ ಪರದೆಯಲ್ಲಿ ಐವತ್ತೆರಡೂವರೆ ಬಂತು. "ಹಾಂ, ಇದು ನಮ್ಮಜ್ಜ" ಎಂದರು ಸಿಸ್ಟರ್. ಸೂಜಿ ಹಾಕಿದರು. ಸ್ವಲ್ಪ ಹೊತ್ತಿಗೆ ಅಜ್ಜ ಕಂಬಳಿ ಕೇಳಿದನಂತೆ. ಆಮೇಲೆ ಡಾಕ್ಟರರ ಆರು ಅಂಕಿಗಳನ್ನು ನಾನು ಒಂದೊಂದಾಗಿ, ದಡ್ಡನ ಹಾಗೆ, ಆರು ಸಲ ತಿದ್ದಿದೆ.

ಹತ್ತಕ್ಕೆ ಸರ್ ಎದ್ದು ಬಂದರು. ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡು, ನಡೆದದ್ದನ್ನೆಲ್ಲ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದರು: "ಹದಿನೆಂಟು ನಿಮಿಷ. ಹತ್ತು ಸಾಕಿತ್ತು."

ನನ್ನ ತಲೆ ಕೆಟ್ಟುಹೋಯಿತು. "ಅಜ್ಜನಿಗೆ ಏನಾದ್ರೂ ಆಗಿದ್ರೆ?" ಎಂದು ಕೂಗಿದೆ.

ಎರಡು ಸಲ ಕೆಮ್ಮಿದರು. "ಆಗ್ಲಿಲ್ಲಲ್ಲ."

ಒಂದು ವಾರ ನಾನು ಅವರ ಜೊತೆ ಮಾತು ಬಿಟ್ಟೆ. ಅಣಕಿಸುವುದನ್ನು ಬಿಡಲಿಲ್ಲ. ಅದು ಇನ್ನೂ ಖಾರವಾಯಿತು. ಟೀ ಹೀರುತ್ತ ಮನುಷ್ಯರು ಸಾಯುವುದನ್ನು ನೋಡುವ ಮುದುಕನ ಪಾತ್ರ ಮಾಡುತ್ತಿದ್ದೆ. ಯಾಕೋ ಅದಕ್ಕೆ ಯಾರೂ ಅಷ್ಟಾಗಿ ನಗುತ್ತಿರಲಿಲ್ಲ.

ಮುಂದಿನ ವಾರ ಕೆಲಸದ ಮೇಲೆ ಇಬ್ಬರೂ ಹೊಳಲ್ಕೆರೆ ಬಸ್ಸಿನಲ್ಲಿ ಒಟ್ಟಿಗೆ ಕೂರಬೇಕಾಯಿತು. ನಾನು ಕಿಟಕಿ ಕಡೆ ಮುಖ ಮಾಡಿದ್ದೆ. ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಕಣ್ಮರೆಯಾದ ಮೇಲೆ ಅವರು ತಾವಾಗಿಯೇ ಶುರು ಮಾಡಿದರು.

"ಪೈಪ್ ಒಡೆದ ದಿನ ನಾಲ್ಕೂ ಊರಿಂದ ನನಗೊಬ್ಬನಿಗೇ ಫೋನು. ಇವರದ್ದು ಎತ್ತಿದ್ರೆ ಅವರದ್ದು ಕಟ್ಟಾಗ್ತಿತ್ತು. ಯಾರ ತೂಕ ಎಷ್ಟು, ಯಾರಿಗೆ ಯಾವ ಮೆಷಿನ್ನು, ಎಲ್ಲ ನನ್ನೇ ಕೇಳೋರು. ಹಿರಿಯೂರಿಂದ ಹನ್ನೆರಡು ಸಲ ಮಾಡಿದಾರೆ, ನನಗೆ ಎತ್ತಾಕಾಗ್ಲಿಲ್ಲ. ಕಾಯೋಷ್ಟು ಕಾದು ಅಂದಾಜ್ ಮೇಲೆ ಹಾಕಿದ್ರು. ಆ ಹೆಣ್ಮಗಳು ಬಿ.ಪಿ. ಬಿದ್ದು ಎರಡು ದಿನ ಕಣ್ಣು ಬಿಡ್ಲಿಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ಉಳ್ಕಂಡ್ಳು. ಆದ್ರೆ ನಮ್ಮ ಕಡೆ ಮತ್ತೆ ಬರ್ಲಿಲ್ಲ."

ನಾನು ಕಿಟಕಿಯಿಂದ ಮುಖ ತಿರುಗಿಸಿದೆ.

"ಸರ್ವರ್ ಈಗ ಎರಡಾದ್ವು" ಎಂದರು. "ನಾನು ಒಬ್ನೇ ಇದೀನಲ್ಲಪ್ಪ."

ಬಾಯಿಗೆ ಬಂದದ್ದು ಹೇಳಿದೆ. "ನಿಮ್ಮಂತೋರು ಇನ್ನೊಬ್ರು ಬ್ಯಾಡ ಸರ್. ಜಿಲ್ಲೆ ತಡ್ಕಳಲ್ಲ."

ನಕ್ಕರು. ಆಮೇಲೆ ಹಿಂದೆ ಇನ್ನೊಂದು ಬಸ್ಸಿದೆ ಎಂಬ ನೆಮ್ಮದಿಯಲ್ಲಿ ನನ್ನ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೋದರು. ಜೊಲ್ಲು ಕೂಡ ಬಿಟ್ಟರು.

ಅದಾದ ಮೇಲೆ ಹಲವು ಸಲ ಸತ್ತರು, ಎದ್ದರು. ಆ ಬುಧವಾರ ಬೆಳಿಗ್ಗೆ ಅವರ ನಂಬರಿನಿಂದ ನನಗೆ ಫೋನ್ ಬಂತು. ಅವರ ಹೆಂಡತಿ. "ಎದ್ದೇಳ್ಲಿಲ್ಲಪ್ಪ" ಎಂದಷ್ಟೇ ಹೇಳಿದರು.

ಹೊಳಲ್ಕೆರೆಯ ಮನೆಗೆ ನಾವೆಲ್ಲ ಹೋದೆವು. ಹೊಸದುರ್ಗದ ಸಿಸ್ಟರ್ ಬೆಳಗಿನ ಪಾಳಿ ಮುಗಿಸಿ ಬಂದರು. ಎಲ್ಲ ಮುಗಿದ ಮೇಲೆ ಹಿಂದಿನ ಜಗುಲಿಯಲ್ಲಿ ಅವರು, ನಾನು ಕೂತಿದ್ದೆವು. ನನ್ನ ಹಳೆಯ ಸಿಟ್ಟು ಎಲ್ಲಿ ಅಡಗಿತ್ತೋ, ಅಂಥ ಜಾಗದಲ್ಲೂ ಹೊರಗೆ ಬಂತು. "ಒಳ್ಳೇರೇ ಇದ್ರು, ಇಲ್ಲ ಅನ್ನಲ್ಲ. ಆದ್ರೆ ಅವತ್ತು ಅಜ್ಜ ಒದ್ದಾಡ್ತಿದ್ರೂ ಟೀ ಕುಡೀತಾ ಕುಂತ್ರಲ್ಲ ಸಿಸ್ಟರ್, ಅದನ್ನ ಹೆಂಗೆ ಮರೀಲಿ?"

ಸಿಸ್ಟರ್ ನನ್ನನ್ನೇ ನೋಡಿದರು. "ನಿಂಗೆ ಗೊತ್ತೇ ಇಲ್ವಾ?"

"ಏನು?"

"ನೀನು ರಸ್ತೆ ದಾಟಿ ಅವರ ಹತ್ರ ಹೋಗಿ ವಾಪಸ್ ಹೊಂಟ್ಯಲ್ಲ, ನೀನಿನ್ನೂ ಆಫೀಸಿನ ಮೆಟ್ಲು ಹತ್ತಿರ್ಲಿಲ್ಲ, ತಮ್ಮ ಇನ್ನೊಂದು ಫೋನಿಂದ ನಮ್ಮ ಸೆಂಟರಿನ ಫೋನಿಗೆ ಮಾಡಿದ್ರು. ಅಜ್ಜನ್ನ ಬೆನ್ನು ನೆಟ್ಟಗೆ ಕುಂಡ್ರಿಸಿ ಆಕ್ಸಿಜನ್ ಹಚ್ಚು ಅಂದ್ರು. ಅವನ ತೂಕ ಐವತ್ತೆರಡೂವರೆ, ಬರ್ಕ ಅಂದ್ರು. ಪ್ರತಿ ಶುಕ್ರವಾರ ನಾಲ್ಕೂ ಊರಿಂದೂ ಒಂದು ಚೀಟೀಲಿ ಬರ್ದು ಜೇಬಲ್ಲಿ ಇಟ್ಕಂತಿದ್ರಂತೆ. ಉಸಿರು ಜಾಸ್ತಿ ಕಟ್ಟಿದ್ರೆ ಯಾರನ್ನೂ ಕೇಳ್ಬೇಡ, ತಕ್ಷಣ ಹಾಕ್ಬಿಡು. ಇಲ್ಲಾಂದ್ರೆ ಅವನಿಗೆ ಇಪ್ಪತ್ತು ನಿಮಿಷ ಬಿಡಮ್ಮ, ಮಾಡ್ತಾನೆ ಅಂದ್ರು."

ನಾನು ಒಳಗಿನ ಬಾಗಿಲ ಕಡೆ ತಿರುಗಿ ನೋಡಿದೆ.

"ಅವನಿಗೆ ಹೇಳ್ಬೇಡ ಅಂತಾನೂ ಅಂದಿದ್ರು" ಎಂದು ಸಿಸ್ಟರ್ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಹೇಳ್ಬಿಟ್ಟೆ ನೋಡು."

ಹೊರಡುವಾಗ ನನ್ನ ಒಂದು ಚಪ್ಪಲಿ ಕಾಣಲಿಲ್ಲ. ಒಂಟಿ ಕಾಲಿನಲ್ಲಿ ಅಂಗಳವೆಲ್ಲ ಹುಡುಕಿದ ಮೇಲೆ ನೆನಪಾಯಿತು. ಬಂದಾಗ ಒಂದನ್ನು ಮುಂದಿನ ಬಾಗಿಲಲ್ಲಿ, ಇನ್ನೊಂದನ್ನು ಹಿತ್ತಲ ಬಾಗಿಲಲ್ಲಿ ಬಿಟ್ಟಿದ್ದೆ. ಯಾವಾಗ ಕಲಿತೆನೋ.

ಮುಂದಿನ ತಿಂಗಳು ಮ್ಯಾನೇಜರು ಕರೆದು, "ಕ್ಲೌಡ್ ಇರ್ಲಿ, ಆ ಸಾಯೋ ನಾಟಕ ಇನ್ನು ಬೇಕಾ?" ಎಂದರು. ಬೇಡ ಎನ್ನಲು ನನಗಿಂತ ಹೆಚ್ಚು ಕಾರಣ ಯಾರಿಗೂ ಇರಲಿಲ್ಲ. ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಕೂತು, ನಾಲ್ಕೂ ಊರಿನ ತೂಕಗಳನ್ನು ಚೀಟಿಯಲ್ಲಿ ಬರೆದೆ. ಬೆರಳು ನೋವು ಬಂತು. ಮುದುಕನಿಗೆ ಮನಸಾರೆ ಬೈದೆ. ಶನಿವಾರ ಒಂಬತ್ತಕ್ಕೆ ವೈರು ಕಿತ್ತು, ಐಡಿ ಕಾರ್ಡನ್ನು ಮೇಡಂ ಮುಂದಿಟ್ಟು, "ಸತ್ತೆ" ಎಂದೆ. ಅವರು ತಲೆ ಎತ್ತದೆ ಕೆಂಪು ನೋಟ್‌ಬುಕ್ ಎಳೆದುಕೊಂಡರು.

ಟೀ ಅಂಗಡಿಯವನಿಗೆ ಒಂದು ಟೀ ಎಂದೆ. ಅವನು ಏನೂ ಕೇಳದೆ ಎರಡು ಅರ್ಧ ಲೋಟ ತಂದು ನನ್ನ ಮುಂದಿಟ್ಟು ಹೋದ.

ಮೊದಲನೆಯದು ಮುಗಿಯುವಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎತ್ತಲಿಲ್ಲ. ಎತ್ತದೆ ಕೂರುವುದು ಇಷ್ಟು ಕಷ್ಟ ಎಂದು ಅವರು ಯಾವತ್ತೂ ಹೇಳಿರಲಿಲ್ಲ. ಮತ್ತೆ ಹೊಡೆದುಕೊಂಡಿತು. ಕಿಟಕಿಯಲ್ಲಿ ಮೇಡಂ ಕಾಣಿಸಿದರು, ಮಾಯವಾದರು, ಆಮೇಲೆ ರಸ್ತೆಯಲ್ಲಿ ಕಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಟೋಗಳಿಗೆ ಕೈ ಅಡ್ಡ ಹಿಡಿದು ಬರುತ್ತಿದ್ದರು.

"ಏ, ಹೊಸದುರ್ಗ ಹತ್ತಾ ಇಲ್ಲ ಕಣೋ. ಉಳ್ದಿದ್ದು ಮೂರೂ ಅವೆ, ಅದೊಂದು ಇಲ್ಲ. ಅಲ್ಲಿ ಮೊದಲ್ನೇ ಪೇಷಂಟ್ ಕುಂತಾಗೈತೆ. ಆಟ ಆಡ್ಬೇಡ, ಬಾ."

ಬೆಂಚಿನಿಂದ ಅರ್ಧ ಎದ್ದಿದ್ದೆ. ಮತ್ತೆ ಕೂತೆ.

"ಸೂಜಿ ಹಾಕಿದಾರಾ?"

"ಇಲ್ಲ, ಇನ್ನೂ ಇಲ್ಲ."

"ಹಂಗಾದ್ರೆ ನಾನು ಸತ್ತಿದೀನಿ."

ಅಣಕಿಸಬೇಕೆಂದು ಹೇಳಿದ್ದಲ್ಲ. ಆದರೆ ಟೀ ಅಂಗಡಿಯವನು ಸೌಟು ಹಿಡಿದುಕೊಂಡೇ ತಿರುಗಿ ನೋಡಿದ. ಮೇಡಂ ಒಂದು ಕ್ಷಣ ನನ್ನ ಮುಖ ನೋಡಿ, ಬಾಯಿಗೆ ಬಂದದ್ದನ್ನು ನುಂಗಿ, ಬಂದ ದಾರಿಯಲ್ಲೇ ಓಡಿದರು.

ಅವರು ರಸ್ತೆ ದಾಟುವವರೆಗೆ ಕಾದೆ. ಜೇಬಿನಿಂದ ಚೀಟಿ ತೆಗೆದು ಲೋಟದ ಪಕ್ಕ ಬಿಡಿಸಿಟ್ಟು, ಬೆಂಚಿನ ಮರೆಯಲ್ಲಿ ಇನ್ನೊಂದು ಫೋನು ಹಿಡಿದು ಹೊಸದುರ್ಗದ ನಂಬರ್ ಒತ್ತಿದೆ. ಹೌದು, ಎರಡು ಫೋನು. ನಗುವವರು ನಗಬಹುದು.

ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್ ಕೇಳಿದರು.

"ಮೇಡಂಗೆ ಎಷ್ಟು ನಿಮಿಷ ಬಿಡ್ಲಿ?"